ವೈ-ಕೇಬಲ್ ಹಾಕಿದರೆ ಸದ್ದು ಅರ್ಧವಾಗುವುದಿಲ್ಲ

ಡ್ಯಾಕ್‌ನ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಸ್ಪೀಕರಿಗೆ ಬೇಕಾದ ಸಿಗ್ನಲ್ ಆಗಿ ಮಾರ್ಪಡಿಸುವ ಉಪಕರಣ) ಲೈನ್ ಔಟ್‌ಪುಟ್ ಅನ್ನು ವೈ-ಕೇಬಲ್‌ನಿಂದ ಕವಲು ಮಾಡಿ ಸ್ಪೀಕರಿಗೂ ಹೆಡ್‌ಫೋನ್ ಆಂಪ್ಲಿಫೈಯರಿಗೂ ಕೊಟ್ಟರೆ ಸದ್ದು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತು ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ನಲ್ಲಿ ನೀರಿನ ಲೆಕ್ಕ. ಇಲ್ಲಿ ಹಂಚಿಹೋಗುವುದು ಕರೆಂಟು, ಸದ್ದನ್ನು ನಿರ್ಧರಿಸುವ ವೋಲ್ಟೇಜ್ ಅಲ್ಲ.

ಡ್ಯಾಕ್‌ನ ಔಟ್‌ಪುಟ್‌ನ ರೋಧ 100 ಓಮ್, ಎರಡು ಉಪಕರಣಗಳ ಇನ್‌ಪುಟ್‌ನ ರೋಧ ತಲಾ 10,000 ಓಮ್ ಎಂದಿಟ್ಟುಕೊಳ್ಳಿ. ಎರಡು ಇನ್‌ಪುಟ್‌ಗಳೂ ಸಮಾಂತರವಾಗಿ ಸೇರಿದರೆ 5,000 ಓಮ್. ಆಗ ಕಡಿಮೆಯಾಗುವ ವೋಲ್ಟೇಜ್ ಸುಮಾರು ಶೇ 1, ಅಂದರೆ 0.1 ಡೆಸಿಬೆಲ್‌ಗೂ ಕಡಿಮೆ. ಕಿವಿಗೆ ತಿಳಿಯುವಂಥದ್ದಲ್ಲ. ಆದರೆ ಕೆಲವು ಆಂಪ್ಲಿಫೈಯರ್‌ಗಳು ಆಫ್ ಆಗಿದ್ದಾಗ ಸಿಗ್ನಲ್ ಕೆಡಿಸುತ್ತವೆ. ಸ್ಪೀಕರ್ ಒರಟಾಗಿ ಕೇಳಿಸಿದರೆ ಮೊದಲು ಹೆಡ್‌ಫೋನ್ ಆಂಪ್ಲಿಫೈಯರನ್ನು ಆನ್ ಮಾಡಿ ನೋಡಿ.

ನಿಜವಾದ ತೊಂದರೆ ಸಬ್‌ವೂಫರ್ (ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ಕಡೆಯಿದೆ. ಅದಕ್ಕೆ ಒಂದೇ ಇನ್‌ಪುಟ್ ಇದೆಯೆಂದು ನಾನು ಎಡ, ಬಲ ಎರಡನ್ನೂ ವೈ-ಕೇಬಲ್‌ನಲ್ಲಿ ಒಂದು ಮಾಡಿ ಚುಚ್ಚಿದ್ದೆ. ಎಡಕ್ಕಿದ್ದ ವೀಣೆ, ಬಲಕ್ಕಿದ್ದ ಮೃದಂಗ ಎರಡೂ ಮೇಜಿನ ನಡುವೆ ಬಂದು ಕುಳಿತವು! ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ಬೆಸೆದುಕೊಂಡು ಸ್ಪೀಕರುಗಳೂ ಮೊನೊ ಆಗಿದ್ದವು, ಅಂದರೆ ಎರಡರಲ್ಲೂ ಒಂದೇ ಸದ್ದು. ಪಾಪ, ಸಂಜೆಯೆಲ್ಲ ಸ್ಪೀಕರನ್ನೇ ಬೈದೆ. ಒಂದು ಔಟ್‌ಪುಟ್ ಅನ್ನು ಎರಡಾಗಿ ಒಡೆಯಬಹುದು, ಎರಡನ್ನು ಹಾಗೆಯೇ ಒಂದು ಮಾಡಬಾರದು. ಎಡ-ಬಲ ಇನ್‌ಪುಟ್, ಔಟ್‌ಪುಟ್ ಎರಡೂ ಇರುವ ಸಬ್‌ವೂಫರ್ ಕೊಂಡು, ಅದರ ಔಟ್‌ಪುಟ್‌ನಿಂದ ಸ್ಪೀಕರಿಗೆ ಒಯ್ಯುವುದು ಸಲೀಸು.

ವಾಲ್ಯೂಮ್ ಮಾತ್ರ ಡ್ಯಾಕ್‌ನಲ್ಲೋ ಕಂಪ್ಯೂಟರಿನಲ್ಲೋ ಏರಿಳಿಸಿ. ಸ್ಪೀಕರಿನದನ್ನು ತಗ್ಗಿಸಿದರೆ ಸಬ್‌ವೂಫರ್ ತನ್ನ ಪಾಡಿಗೆ ಗುಡುಗುತ್ತಲೇ ಇರುತ್ತದೆ.