ಮಂಡಲ ಮತ್ತು ಮಂಡಕ್ಕಿ

ತಂಗಿಯ ಮಗ ಪಾಠ ಓದುತ್ತಿದ್ದ. ‘ವಿದ್ಯುನ್ಮಂಡ’ದವರೆಗೆ ಸರಿಯಾಗಿಯೇ ಬಂದ. ಅಲ್ಲಿಂದ ಮುಂದೆ ದಾವಣಗೆರೆಯ ನಾಲಿಗೆ ತನ್ನ ದಾರಿ ಹಿಡಿದು ‘ವಿದ್ಯುನ್ಮಂಡಕ್ಕಿ’ ಎಂದು ಮುಗಿಸಿತು. ಅದು ‘ವಿದ್ಯುನ್ಮಂಡಲ’, ಕರೆಂಟು ಹೋಗಿ ಸುತ್ತಿ ಬರುವ ದಾರಿ ಎಂದು ತಿದ್ದಲು ಹೋಗಿ ನಾನು ಸಿಕ್ಕಿಬಿದ್ದೆ.

ಟಾರ್ಚಿನ ಒಂದು ಶೆಲ್, ಪುಟ್ಟ ಬಲ್ಬು, ಎರಡು ತುಂಡು ವೈರು ಇಟ್ಟುಕೊಂಡು ಕುಳಿತೆವು. ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟು, ಅದರ ತಂಟೆಗೆ ಹೋಗಬಾರದು. ಇದು ಒಂದೂವರೆ ವೋಲ್ಟಿನ ಸಾಧು ಎಂದು ಮೊದಲೇ ಹೇಳಿದೆ. ಅವನು ಶೆಲ್ಲಿನ ಮೂತಿಯಿಂದ ಬಲ್ಬಿನ ತಳಕ್ಕೆ ಒಂದೇ ವೈರು ಮುಟ್ಟಿಸಿ ಕಾದ. ಆಮೇಲೆ ಲೈನ್‌ಮನ್ ಗತ್ತಿನಲ್ಲಿ, “ಕರೆಂಟ್ ಹೋಗಿದೆ” ಎಂದ.

ನಗುವಂತಿಲ್ಲ. ಮಿಕ್ಸಿಗಾಗಲಿ ಫ್ಯಾನಿಗಾಗಲಿ ನಮ್ಮ ಕಣ್ಣಿಗೆ ಕಾಣುವುದು ಒಂದೇ ವೈರು. ಕೆಟ್ಟು ಮೂಲೆಗೆ ಬಿದ್ದಿದ್ದ ರೇಡಿಯೋದ ವೈರನ್ನು ಕತ್ತರಿಸಿ ತೋರಿಸಿದೆ. ಒಂದೇ ಅಂಗಿಯೊಳಗೆ ಇಬ್ಬರು! ಹೋಗಲು ಒಂದು, ಹಿಂದಿರುಗಲು ಇನ್ನೊಂದು. ಎರಡನೆಯ ವೈರನ್ನು ಬಲ್ಬಿನ ಪಕ್ಕದ ಲೋಹಕ್ಕೂ ಶೆಲ್ಲಿನ ತಳಕ್ಕೂ ಒತ್ತಿ ಹಿಡಿದಾಗ ಬಲ್ಬು ಮಂಕಾಗಿ ಹತ್ತಿತು.

“ಹೋದದ್ದೆಲ್ಲ ವಾಪಸ್ ಬರುತ್ತದೆಯಾ ಮಾಮ?”

“ಎಲ್ಲವೂ.”

“ಮತ್ತೆ ಶೆಲ್ ಯಾಕೆ ಮುಗಿಯುತ್ತದೆ?”

ಪರೀಕ್ಷೆಯಲ್ಲಿ ಓಮನ ನಿಯಮ ಬರೆದು ಪಾಸಾದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಕಿಟಕಿಯಾಚೆ ನೋಡಿದೆ. ಸೈಕಲ್ಲಿನವನೊಬ್ಬ ಮಂಡಕ್ಕಿ ಚೀಲ ಹೇರಿಕೊಂಡು ಹೋಗುತ್ತಿದ್ದ. ಬದುಕಿಕೊಂಡೆ.

“ನೋಡು, ಭಟ್ಟಿಯಿಂದ ಚೀಲ ಹೊತ್ತು ಹೊರಟವನು ಅಂಗಡಿಯಲ್ಲಿ ಇಳಿಸಿ ಬರಿಗೈಲಿ ಭಟ್ಟಿಗೆ ಮರಳುತ್ತಾನೆ. ಹೋದವರಷ್ಟೇ ಜನ ಬಂದರು, ಆದರೆ ಮಂಡಕ್ಕಿ ಅಂಗಡಿಯಲ್ಲೇ ಉಳಿಯಿತು. ಶೆಲ್ಲೇ ಭಟ್ಟಿ, ಬಲ್ಬೇ ಅಂಗಡಿ, ಶಕ್ತಿಯೇ ಮಂಡಕ್ಕಿ. ಒಳಗಿನ ರಾಸಾಯನಿಕವೇ ಅಕ್ಕಿ. ಅಕ್ಕಿ ತೀರಿದರೆ ಹೊರುವವರಿದ್ದೂ ಹೊರುವುದೇನು?”

ಈ ಹೊರುವವರು, ಅಂದರೆ ವೈರಿನೊಳಗಿನ ಎಲೆಕ್ಟ್ರಾನುಗಳು, ಇರುವೆಗಿಂತ ನಿಧಾನವಾಗಿ ತೆವಳುತ್ತವೆ, ವೈರಿನ ಉದ್ದಕ್ಕೂ ಮೊದಲೇ ತುಂಬಿಕೊಂಡಿರುವುದರಿಂದ ಎಲ್ಲವೂ ಒಟ್ಟಿಗೇ ಕದಲಿ ಬಲ್ಬು ತಟ್ಟನೆ ಹತ್ತುತ್ತದೆ ಎಂಬುದನ್ನು ನುಂಗಿಕೊಂಡೆ. ಹೇಳಿದ್ದರೆ ನನ್ನ ಸೈಕಲ್ಲು ಅಲ್ಲಿಯೇ ಪಂಕ್ಚರ್ ಆಗುತ್ತಿತ್ತು.

ಅವನು ಬಲ್ಬನ್ನು ಮುಟ್ಟಿ ನೋಡಿದ. ತುಸು ಬೆಚ್ಚಗಿತ್ತು.

“ಹಾಗಾದರೆ ಮಂಡಕ್ಕಿ ತಿಂದದ್ದು ಇದೇ,” ಎಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ಮಾಮ, ಮೆಣಸಿನಕಾಯಿ?”

ಉಪಮೆಯಲ್ಲಿ ಅದಕ್ಕೆಲ್ಲಿ ಜಾಗ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅವನು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ.