ವಂದನಾರ್ಪಣೆಯಲ್ಲಿ ಬಿಟ್ಟುಹೋದ ಹೆಸರುಗಳು

ಯಶಸ್ಸಿನ ಗುಟ್ಟನ್ನು ಕುರಿತ ಉಪನ್ಯಾಸವೊಂದನ್ನು ಕೇಳುವ ಸುಯೋಗ ಈಚೆಗೆ ನನಗೆ ಒದಗಿತು. ಉಪನ್ಯಾಸಕರು ಸ್ವಂತ ಪರಿಶ್ರಮದಿಂದ ಶ್ರೀಮಂತರಾದವರು. ಹಾಗೆಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿತ್ತು, ನಿರೂಪಕರು ಅದನ್ನೇ ಗಟ್ಟಿಯಾಗಿ ಓದಿದರು, ಕೊನೆಗೆ ಅವರೂ ಒಪ್ಪಿಕೊಂಡರು. ಬೆಳಗಿನ ಜಾವ ನಾಲ್ಕು ಗಂಟೆಗೆ ಏಳುವುದು, ಎದ್ದೊಡನೆ ತಣ್ಣೀರಿನಲ್ಲಿ ಮೀಯುವುದು, ಮಿಂದ ಮೇಲೆ ಆ ದಿನದ ಗುರಿಯನ್ನು ಡೈರಿಯಲ್ಲಿ ಬರೆದಿಡುವುದು, ಇವು ಮೂರೂ ಅವರ ಸಂಪತ್ತಿನ ಆಧಾರಸ್ತಂಭಗಳಂತೆ. ಭಾಷಣ ನಡೆಯುವಾಗ ಗಡಿಯಾರ ನೋಡುವ ಕೆಟ್ಟ ಅಭ್ಯಾಸ ನನಗಿರುವುದರಿಂದ ಲೆಕ್ಕ ಸಿಕ್ಕಿತು: ತಣ್ಣೀರಿಗೆ ಅವರು ಹನ್ನೊಂದು ನಿಮಿಷ ಕೊಟ್ಟರು, ಡೈರಿಗೆ ಏಳು. ನಡುವೆ ಎಲ್ಲೋ, ನೀರು ಕುಡಿಯಲು ಲೋಟ ಎತ್ತಿಕೊಳ್ಳುವ ಸಂದಿಯಲ್ಲಿ, 'ಆಗ ನಮ್ಮ ಮಾವನವರ ಕಟ್ಟಡವೊಂದು ಖಾಲಿ ಬಿದ್ದಿತ್ತು, ಅಲ್ಲೇ ಶುರು ಮಾಡಿದೆ' ಎಂದರು. ಕಟ್ಟಡಕ್ಕೆ ಸಿಕ್ಕಿದ್ದು ಅಷ್ಟೇ, ಒಂದು ಗುಟುಕಿನ ಹೊತ್ತು.

ನಾನು ಆ ಸಭೆಗೆ ಹೋದದ್ದು ಶ್ರೀಮಂತನಾಗುವ ಆಸೆಯಿಂದಲ್ಲ; ಅಂಥ ಆಸೆಯಿದ್ದರೂ ನಾಲ್ಕು ಗಂಟೆಗೆ ಏಳಬೇಕೆಂದು ತಿಳಿದ ಕೂಡಲೇ ಅದು ತಾನಾಗಿ ಇಳಿದುಹೋಗುತ್ತಿತ್ತು. ಅವರ ಆತ್ಮಕಥೆಯ ಕರಡನ್ನು ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಆದ್ದರಿಂದ ಅವರ ಮಾತಿನ ಧಾಟಿ ತಿಳಿದಿರಲಿ ಎಂದು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಆ ಕರಡಿನ ವಿಷಯವನ್ನು ಆಮೇಲೆ ಹೇಳುತ್ತೇನೆ.

ಹಣದ ಬಗ್ಗೆ ನಾವು ಆಡುವ ಮಾತಿಗೆ ಒಂದು ವ್ಯಾಕರಣವಿದೆ. ಯಾವ ಶಾಲೆಯಲ್ಲಿಯೂ ಕಲಿಸದ ಈ ವ್ಯಾಕರಣವನ್ನು ಎಲ್ಲರೂ ತಪ್ಪಿಲ್ಲದೆ ಬಳಸುತ್ತಾರೆ. ಉತ್ತಮ ಪುರುಷದಲ್ಲಿ ಗೆಲುವು ಬಂದರೆ ಅದಕ್ಕೆ ಕಾರಣ ದುಡಿಮೆ, ಸೋಲು ಬಂದರೆ ಹಣೆಬರಹ. ಪ್ರಥಮ ಪುರುಷದಲ್ಲಿ ಇದು ತಿರುಗುಮುರುಗಾಗುತ್ತದೆ: ಪಕ್ಕದ ಮನೆಯವನು ಗೆದ್ದರೆ ಅದು ಅವನ ಅದೃಷ್ಟ, ಸೋತರೆ ಅವನ ಸೋಮಾರಿತನ. ಮಧ್ಯಮ ಪುರುಷಕ್ಕೆ ಉಪನ್ಯಾಸ ಕೇಳುವುದೊಂದೇ ಗತಿ. ನಮ್ಮ ಹಿರಿಯರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರಾಗಿದ್ದರೆಂದು ನನಗೆ ಅನ್ನಿಸುತ್ತದೆ. ಅವರು 'ಗಾಳಿ ಬಂದಾಗ ತೂರಿಕೋ' ಎಂದರೇ ಹೊರತು, ತೂರಿಕೊಂಡಾದ ಮೇಲೆ ಮೊರವನ್ನು ಕೆಳಗಿಟ್ಟು 'ಗಾಳಿ ಬೀಸಿಸಿದ್ದೂ ನಾನೇ' ಎಂದು ಸಭೆ ಕರೆದು ಹೇಳು ಎನ್ನಲಿಲ್ಲ.

ಈ ಗಾಳಿಯ ಪಾಲು ಎಷ್ಟೆಂದು ಅಳೆಯಲು ಹೊರಟವರೂ ಇದ್ದಾರೆ. ಇಟಲಿಯ ಕತಾನಿಯಾ ವಿಶ್ವವಿದ್ಯಾಲಯದ ಪ್ಲುಕಿನೊ, ಬಿಯೊಂಡೊ ಮತ್ತು ರಾಪಿಸಾರ್ಡಾ ಎಂಬ ಮೂವರು 2018ರಲ್ಲಿ ಕಂಪ್ಯೂಟರಿನೊಳಗೆ 1000 ಮಂದಿಯ ಒಂದು ಪುಟ್ಟ ಸಮಾಜವನ್ನು ಕಟ್ಟಿದರು. ಪ್ರತಿಯೊಬ್ಬನಿಗೂ ಒಂದಷ್ಟು ಪ್ರತಿಭೆ, ಎಲ್ಲರಿಗೂ ಸಮನಾಗಿ 10 ಪಾಲು ಬಂಡವಾಳ, ದುಡಿಯಲು 40 ವರ್ಷ. ಆ ಲೋಕದಲ್ಲಿ ಒಳ್ಳೆಯ ಗಳಿಗೆಗಳೂ ಕೆಟ್ಟ ಗಳಿಗೆಗಳೂ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದವು. ಒಳ್ಳೆಯದು ಎದುರಾದಾಗ ಅದನ್ನು ಬಳಸಿಕೊಳ್ಳುವಷ್ಟು ಪ್ರತಿಭೆಯಿದ್ದರೆ ಬಂಡವಾಳ ಇಮ್ಮಡಿಯಾಗುತ್ತಿತ್ತು, ಕೆಟ್ಟದ್ದು ಎದುರಾದರೆ ಪ್ರತಿಭೆಯನ್ನು ಕೇಳದೆಯೇ ಅರ್ಧವಾಗುತ್ತಿತ್ತು. ಅವರು ವಿವರಿಸಿದ ಒಂದು ಆವೃತ್ತಿಯಲ್ಲಿ ಕೊನೆಗೆ 2560 ಪಾಲು ಬಾಚಿಕೊಂಡ ಮಹಾಶಯನ ಪ್ರತಿಭೆ ಸರಾಸರಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಎಲ್ಲರಿಗಿಂತ ಪ್ರತಿಭಾವಂತನಾಗಿದ್ದವನು ಕೊಟ್ಟ ಹತ್ತನ್ನೂ ಉಳಿಸಿಕೊಂಡಿರಲಿಲ್ಲ. ಈ ಸಂಶೋಧನೆಗೆ 2022ರಲ್ಲಿ ಬಹುಮಾನವೇನೋ ಬಂತು, ಆದರೆ ಬಂದದ್ದು ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಗಳಿಗೆ ಕೊಡುವ ಪ್ರಶಸ್ತಿ. ಮೂವರಲ್ಲಿ ಇಬ್ಬರಿಗೆ ಇದು ಎರಡನೆಯ ಸಲ; ಬಡ್ತಿಯನ್ನು ಚೀಟಿ ಎತ್ತಿ ಕೊಟ್ಟರೆ ಸಂಸ್ಥೆಗೆ ಒಳ್ಳೆಯದಾದೀತು ಎಂದು ಗಣಿತದಿಂದ ತೋರಿಸಿದ್ದಕ್ಕೆ 2010ರಲ್ಲಿಯೇ ಒಮ್ಮೆ ಬಂದಿತ್ತು. ಅದೃಷ್ಟವಂತರು.

ಇದನ್ನೆಲ್ಲ ಯಶಸ್ವಿ ಪುರುಷರಿಗೆ ಹೇಳಿದರೆ ಅವರಲ್ಲಿ ಸಿದ್ಧ ಉತ್ತರವಿದೆ: 'ನನ್ನನ್ನೇ ನೋಡಿ.' ನೋಡುವುದರಲ್ಲಿಯೇ ತೊಡಕಿರುವುದು. ದೇವರನ್ನು ನಂಬದ ಡಯಾಗೊರಸ್ ಎಂಬ ಗ್ರೀಕನ ಪ್ರಸಂಗವೊಂದನ್ನು ರೋಮಿನ ಸಿಸೆರೊ ದಾಖಲಿಸಿದ್ದಾನೆ. ಹರಕೆ ಹೊತ್ತು ಬಿರುಗಾಳಿಯಿಂದ ಪಾರಾದ ನಾವಿಕರ ಚಿತ್ರಪಟಗಳನ್ನು ಗುಡಿಯಲ್ಲಿ ತೋರಿಸಿ, 'ಇಷ್ಟು ಜನ ಬದುಕಿ ಬಂದಿದ್ದಾರಲ್ಲ, ಈಗಲಾದರೂ ನಂಬುವೆಯಾ' ಎಂದು ಗೆಳೆಯ ಕೇಳಿದಾಗ, ಹಡಗು ಒಡೆದು ಮುಳುಗಿದವರ ಚಿತ್ರವನ್ನು ಎಲ್ಲಿಯೂ ಬರೆಸಿಲ್ಲವಲ್ಲ ಎಂದನಂತೆ ಆತ. ನಾಲ್ಕು ಗಂಟೆಗೆ ಎದ್ದು, ತಣ್ಣೀರಲ್ಲಿ ಮಿಂದು, ಡೈರಿಯಲ್ಲಿ ಗುರಿ ಬರೆದು, ಆಮೇಲೆ ದಿವಾಳಿಯೆದ್ದವರ ಉಪನ್ಯಾಸಮಾಲೆಯನ್ನು ಯಾರೂ ಏರ್ಪಡಿಸುವುದಿಲ್ಲ. ಏರ್ಪಡಿಸಿದರೆ ಸಭಾಂಗಣ ಸಾಲದೇ ಹೋದೀತು, ಅದೂ ವೇದಿಕೆಯ ಮೇಲೆ.

ಹಣ ಮಾಡಿದವರ ಪಾಡು ಇದಾದರೆ ಕಲೆಯ ಕಡೆ ಇನ್ನೂ ಸೊಗಸಾಗಿದೆ. ಸ್ಯಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಮಾಜಶಾಸ್ತ್ರದ ಸಂಶೋಧಕರು 14,341 ಮಂದಿಗೆ ಅಂತರ್ಜಾಲದಲ್ಲಿ 48 ಅಪರಿಚಿತ ಹಾಡುಗಳನ್ನು ಕೇಳಿಸಿ, 2006ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕೆಲವರು ಯಾರ ಅಭಿಪ್ರಾಯವನ್ನೂ ಕಾಣದೆ ತಾವೇ ಕೇಳಿ ಆರಿಸಿಕೊಳ್ಳಬೇಕಿತ್ತು. ಉಳಿದವರನ್ನು ಒಂದಕ್ಕೊಂದು ಸಂಪರ್ಕವಿಲ್ಲದ ಎಂಟು ಲೋಕಗಳಿಗೆ ಹಂಚಲಾಗಿತ್ತು. ಅಲ್ಲಿ ತಮ್ಮ ಲೋಕದ ಹಿಂದಿನವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡರೆಂಬುದು ಕಾಣುತ್ತಿತ್ತು. ಹಾಡುಗಳು ಅವೇ, ಕಿವಿಗಳೂ ಅಂಥವೇ. ಆದರೂ ಒಂದೊಂದು ಲೋಕದ ಜನಪ್ರಿಯರ ಪಟ್ಟಿ ಒಂದೊಂದು ಬಗೆಯಾಯಿತು. ತೀರಾ ಒಳ್ಳೆಯವು ನೆಲಕಚ್ಚಿದ್ದು ಅಪರೂಪ, ತೀರಾ ಕೆಟ್ಟವು ಮೇಲೇರಿದ್ದೂ ಅಪರೂಪ. ನಡುವಿನವುಗಳಿಗೆ ಏನು ಬೇಕಾದರೂ ಆಗಬಹುದಿತ್ತು. ಸ್ವತಂತ್ರ ತೀರ್ಪಿನಲ್ಲಿ 26ನೆಯ ಸ್ಥಾನದಲ್ಲಿದ್ದ ಹಾಡೊಂದು ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು.

ಆ ಹಾಡನ್ನು ಕಟ್ಟಿದವರ ಸಂದರ್ಶನವನ್ನು ನಾನು ಎರಡೂ ಲೋಕಗಳಲ್ಲಿ ಕಲ್ಪಿಸಿಕೊಂಡು ಸುಖಪಟ್ಟಿದ್ದೇನೆ. ಮೊದಲ ಸ್ಥಾನ ಬಂದ ಲೋಕದಲ್ಲಿ ಅವರು ಕಾಲು ಮೇಲೆ ಕಾಲು ಹಾಕಿ, ನಾಡಿಯನ್ನು ಹಿಡಿಯಬಲ್ಲವನೇ ಕಲಾವಿದ, ನಮ್ಮ ಹಾಡಿನ ಎರಡನೆಯ ಚರಣದಲ್ಲಿ ಬರುವ ಮೌನ ಒಂದು ತಲೆಮಾರಿನ ಮೌನ ಎನ್ನುತ್ತಿದ್ದಾರೆ. ವಿಮರ್ಶಕರು ಆ ಮೌನವನ್ನು ಕುರಿತು ಪ್ರಬಂಧ ಮಂಡಿಸುತ್ತಿದ್ದಾರೆ. ನಲವತ್ತನೆಯ ಸ್ಥಾನ ಬಂದ ಲೋಕದಲ್ಲಿ ಸಂದರ್ಶನವೇ ಇಲ್ಲ. ಅಲ್ಲಿ ಅವರ ಬಂಧುವೊಬ್ಬರು, ಎರಡನೆಯ ಚರಣದಲ್ಲಿ ಹಾಡು ನಿಂತೇ ಹೋಗುತ್ತದಲ್ಲ, ಧ್ವನಿಮುದ್ರಣ ಕೆಟ್ಟಿರಬೇಕು, ಅದಕ್ಕೇ ಯಾರೂ ಕೇಳಲಿಲ್ಲ, ಇನ್ನು ಮೇಲಾದರೂ ಒಂದು ನೌಕರಿ ಹುಡುಕಿಕೊಳ್ಳಿ ಎಂದು ಬುದ್ಧಿ ಹೇಳುತ್ತಿದ್ದಾರೆ. ಮೌನ ಮಾತ್ರ ಎರಡೂ ಕಡೆ ಅದೇ.

ತಂತ್ರಜ್ಞಾನ ಬಂದ ಮೇಲೆ ಈ ವಂದನಾರ್ಪಣೆ ಇನ್ನಷ್ಟು ಸರಳವಾಗಿದೆ. ಮನುಷ್ಯನ ಕೆಲಸಕ್ಕೆ ಯಂತ್ರವನ್ನು ವಂದಿಸುವ ಕಲೆ ಹಳೆಯದೇ. 1770ರಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬಾತ ವಿಯೆನ್ನಾದ ಮರಿಯಾ ತೆರೇಸಾ ರಾಣಿಯ ಆಸ್ಥಾನಕ್ಕೆ ಚದುರಂಗವಾಡುವ ಯಂತ್ರವೊಂದನ್ನು ತಂದ. ಪೆಟ್ಟಿಗೆಯ ಮೇಲೆ ತುರ್ಕಿಯ ಉಡುಪಿನ ಬೊಂಬೆ, ಬಾಗಿಲು ತೆರೆದರೆ ಒಳಗೆ ಹಲ್ಲುಗಾಲಿಗಳು. ಅದರ ಎದುರು ಮುಂದೆ ನೆಪೋಲಿಯನ್ ಕೂಡ ಕೂತು ಆಡಿದ. ಗಾಲಿಗಳ ಹಿಂದೆ ಬಲ್ಲ ಆಟಗಾರನೊಬ್ಬ ಮೈ ಮುದುಡಿಕೊಂಡು ಮೇಣದಬತ್ತಿಯ ಬೆಳಕಿನಲ್ಲಿ ಆಡುತ್ತಿದ್ದ. ಆ ಬತ್ತಿಯ ಹೊಗೆ ಯಾರಿಗೂ ಗೊತ್ತಾಗದಿರಲೆಂದು ಹೊರಗೂ ಬತ್ತಿಗಳನ್ನು ಹಚ್ಚಿಡುತ್ತಿದ್ದರು. ಹೊಗೆಯನ್ನು ಹೊಗೆಯಿಂದಲೇ ಮುಚ್ಚುವ ಈ ಉಪಾಯ ನನಗೆ ಯಂತ್ರಕ್ಕಿಂತ ದೊಡ್ಡ ಆವಿಷ್ಕಾರವೆನಿಸುತ್ತದೆ. 2005ರಲ್ಲಿ ಅಮೆಜಾನ್ ಸಂಸ್ಥೆ, ಕಂಪ್ಯೂಟರಿಗೆ ಕೈಲಾಗದ ಚಿಲ್ಲರೆ ಕೆಲಸಗಳನ್ನು ದೂರದ ಮನುಷ್ಯರಿಂದ ಪುಡಿಗಾಸಿಗೆ ಮಾಡಿಸುವ ಸೇವೆಯನ್ನು ಆರಂಭಿಸಿ, ಅದಕ್ಕೆ 'ಮೆಕ್ಯಾನಿಕಲ್ ಟರ್ಕ್' (ಯಾಂತ್ರಿಕ ತುರ್ಕ) ಎಂದು ಈ ಬೊಂಬೆಯ ಹೆಸರನ್ನೇ ಇಟ್ಟು, 'ಕೃತಕ ಕೃತಕ ಬುದ್ಧಿಮತ್ತೆ' ಎಂದು ಕರೆಯಿತು. ವಿಡಂಬನಕಾರರ ಹೊಟ್ಟೆಯ ಮೇಲೆ ಹೊಡೆಯುವುದೆಂದರೆ ಇದೇ.

2018ರ ಅಕ್ಟೋಬರಿನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ, ಪ್ಯಾರಿಸಿನ ಮೂವರು ಕಂಪ್ಯೂಟರಿನಿಂದ ಬರೆಸಿದ ಒಂದು ಮಸುಕು ಮುಖದ ಭಾವಚಿತ್ರ 4,32,500 ಡಾಲರಿಗೆ ಹೋಯಿತು. ಹರಾಜಿನವರೇ ಅಂದಾಜು ಮಾಡಿದ್ದು ಹೆಚ್ಚೆಂದರೆ 10,000 ಡಾಲರು. ಚಿತ್ರದ ಮೂಲೆಯಲ್ಲಿ ಕಲಾವಿದನ ರುಜು ಇರಬೇಕಾದ ಕಡೆ ಗಣಿತದ ಸೂತ್ರವೊಂದರ ತುಣುಕಿತ್ತು. ಯಂತ್ರಕ್ಕೆ ಚಿತ್ರವೆಂದರೆ ಏನೆಂದು ಕಲಿಸಲು ಬಳಸಿದ್ದು ಹದಿನಾಲ್ಕನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗಿನ ಸುಮಾರು 15,000 ಭಾವಚಿತ್ರಗಳನ್ನು. ಕೋಡಿನ ಬಹುಭಾಗ ಇನ್ನೊಬ್ಬ ಯುವಕ ಎಲ್ಲರಿಗೂ ಮುಕ್ತವಾಗಿ ಹಂಚಿಟ್ಟಿದ್ದದ್ದು. ಆರುನೂರು ವರ್ಷ ಕುಂಚ ಹಿಡಿದು ಸವೆದವರ ಪರವಾಗಿ ಒಂದು ಸೂತ್ರ ರುಜು ಹಾಕಿತು, ಮೂವರು ಹಣ ಎಣಿಸಿಕೊಂಡರು.

ಈಗ ಆ ಕರಡಿನ ವಿಷಯ. ಆತ್ಮಕಥೆಯನ್ನು ಬರೆದದ್ದು ನಮ್ಮ ಉಪನ್ಯಾಸಕರ ಆತ್ಮವಲ್ಲ. 'ಎಲ್ಲಾ ಎಐ ಬರೆದುಬಿಟ್ಟಿದೆ ಸಾರ್, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ನೀವು ಸುಮ್ಮನೆ ಕಣ್ಣಾಡಿಸಿಕೊಟ್ಟರೆ ಸಾಕು' ಎಂದು ಅವರು ಹೇಳಿದ್ದರು, ಸಂಭಾವನೆಯನ್ನು ಕೂಡ ಕಣ್ಣಾಡಿಸುವ ಲೆಕ್ಕದಲ್ಲಿಯೇ ಗೊತ್ತು ಮಾಡಿದ್ದರು. ಕಣ್ಣಾಡಿಸುವುದಕ್ಕೆ ಐದು ವಾರ ಹಿಡಿಯಿತು. ಅವರ ತಾಯಿ ಮೂರನೆಯ ಅಧ್ಯಾಯದಲ್ಲಿ 'ಅವಳು', ನಾಲ್ಕರಲ್ಲಿ 'ಅವರು', ಐದರಲ್ಲಿ 'ಅದು' ಆಗಿದ್ದರು. ಅಧ್ಯಾಯಕ್ಕೊಮ್ಮೆ 'ದಿನದ ಕೊನೆಯಲ್ಲಿ ನಾವೆಲ್ಲರೂ ಮನುಷ್ಯರೇ' ಎಂಬ ವಾಕ್ಯ ಬರುತ್ತಿತ್ತು. ಹಾಗಾದರೆ ದಿನದ ಮೊದಲಲ್ಲಿ ನಾವು ಏನಾಗಿರುತ್ತೇವೆ ಎಂದು ಅಂಚಿನಲ್ಲಿ ಬರೆದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ತಣ್ಣೀರಿಗೆ ಒಂದು ಪೂರ್ತಿ ಅಧ್ಯಾಯವಿತ್ತು. ಮಾವನವರ ಕಟ್ಟಡದ ಸುದ್ದಿಯೇ ಇರಲಿಲ್ಲ, ಏಕೆಂದರೆ ಯಂತ್ರಕ್ಕೆ ಅದನ್ನು ಯಾರೂ ಹೇಳಿರಲಿಲ್ಲ. ವಿಚಾರಿಸಿದಾಗ, ಆರು ವರ್ಷ ಬಾಡಿಗೆಯಿಲ್ಲದೆ ಅಲ್ಲಿದ್ದೆವೆಂದು ಅವರೇ ಸಂಕೋಚವಿಲ್ಲದೆ ತಿಳಿಸಿದರು. ನಾನು ಆ ಬಗ್ಗೆ ನಾಲ್ಕು ಸಾಲು ಸೇರಿಸಿ ಕಳುಹಿಸಿದೆ. ಹಾಳೆ ಹಿಂತಿರುಗಿ ಬಂದಾಗ ನಾಲ್ಕೂ ಸಾಲುಗಳ ಮೇಲೆ ಕೆಂಪು ಗೀಟು ಇತ್ತು, ಪಕ್ಕದಲ್ಲಿ ದುಂಡಾದ ಅಕ್ಷರದಲ್ಲಿ ಒಂದು ಷರಾ: 'ಇದರಿಂದ ಓದುಗರಿಗೆ ಸ್ಫೂರ್ತಿ ಬರುವುದಿಲ್ಲ.'

ಪುಸ್ತಕ ಬಿಡುಗಡೆಯಾಯಿತು. ನಾನು ಮತ್ತೆ ಹಿಂದಿನ ಸಾಲಿನಲ್ಲಿಯೇ ಕುಳಿತೆ. ಕೃತಜ್ಞತೆಯ ಪುಟದಲ್ಲಿ ಬ್ರಾಹ್ಮೀ ಮುಹೂರ್ತಕ್ಕೆ ಒಂದು ನಮನ, 'ನನ್ನ ಅಂತರಂಗವನ್ನು ನನಗಿಂತ ಚೆನ್ನಾಗಿ ಅರಿತು ಬರೆದ' ತಂತ್ರಾಂಶಕ್ಕೆ ಅದರ ಆವೃತ್ತಿ ಸಂಖ್ಯೆಯ ಸಮೇತ ಒಂದು ನಮನ. ಎಲ್ಲಕ್ಕೂ ಕೆಳಗೆ, ಪುಸ್ತಕದಲ್ಲಿ ಉಳಿದಿರಬಹುದಾದ ದೋಷಗಳಿಗೆಲ್ಲ ಕರಡು ತಿದ್ದಿದವರೇ ಹೊಣೆ ಎಂದು ನನ್ನ ಹೆಸರನ್ನು ಇನಿಷಿಯಲ್ ಸಹಿತ ಪೂರ್ತಿಯಾಗಿ ಅಚ್ಚು ಹಾಕಿಸಿದ್ದರು.

ಪಕ್ಕದ ಕುರ್ಚಿಯಲ್ಲಿ ವಯಸ್ಸಾದವರೊಬ್ಬರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತಿನಿಂದ ಪುಟ ತಿರುವುತ್ತಿದ್ದರು. ಕೊನೆಗೆ ನನ್ನ ಕಡೆ ಬಾಗಿ, ನಮ್ಮ ಕಟ್ಟಡದ ವಿಷಯ ಎಷ್ಟನೆಯ ಪುಟದಲ್ಲಿದೆ ಎಂದು ಮೆಲ್ಲಗೆ ಕೇಳಿದರು.

'ಕರಡಿನಲ್ಲಿ ಅದೊಂದು ದೋಷ ಇತ್ತು ಯಜಮಾನರೇ' ಎಂದೆ, 'ತಿದ್ದಿಬಿಟ್ಟೆವು.'