ಮಂಡಿ ಒಪ್ಪಿದ ಹೋಟೆಲ್ಲು

ನಾವು ಇಲ್ಲಿಗೆ ಬಂದು ನಾಲ್ಕನೇ ದಿನ ಇರಬೇಕು. ಅರ್ಧ ಪೆಟ್ಟಿಗೆ ಇನ್ನೂ ಬಿಚ್ಚಿರಲಿಲ್ಲ, ಒಲೆ ಹಚ್ಚುವ ಮನಸ್ಸೂ ಇರಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ಬಾಗಿಲಲ್ಲಿ ಕಂಡರು. "ಹತ್ತಿರದಲ್ಲಿ ಒಳ್ಳೆ ಹೋಟೆಲ್ ಯಾವುದು ಮೇಷ್ಟ್ರೇ?" ಅಂತ ಕೇಳಿದೆ. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡು, ಬೋರ್ಡಿನ ಮುಂದೆ ನಿಂತ ಹಾಗೆ ನಿಂತು, ಯೋಚಿಸಿ ಹೇಳಿದರು: "ತಿರುವಿನಲ್ಲಿ ಒಂದಿದೆ. ಬಹಳ ಒಳ್ಳೆಯದು. ಮೆಟ್ಟಿಲೇ ಇಲ್ಲ."

ಊಟ ಹೇಗಿರುತ್ತದೆ ಅಂದೆ. "ಊಟಾನೂ ಇದೆ" ಅಂದರು.

ಒಳಗೆ ಬಂದು ನಮ್ಮ ಯಜಮಾನರಿಗೆ ಹೇಳಿ ನಕ್ಕೆ. ಅವರು ನಗಲಿಲ್ಲ. ಮಂಡಿ ಸವರಿಕೊಳ್ಳುತ್ತಾ, "ಅಲ್ಲಿಗೇ ಹೋಗೋಣ" ಅಂದರು.

ಇದು ನಿವೃತ್ತರಿಗೆಂದೇ ಕಟ್ಟಿದ ಬಡಾವಣೆ. ಊಟದ ಹಾಲ್ ನಮ್ಮಲ್ಲೇ ಇದೆ. ಹೊತ್ತಿಗೆ ಸರಿಯಾಗಿ ಬಡಿಸುತ್ತಾರೆ, ಶುಚಿಯಾಗಿರುತ್ತದೆ. ಆದರೆ ವಾರದ ಪಟ್ಟಿ ಬದಲಾಗುವುದಿಲ್ಲ. ಇವತ್ತು ಮಂಗಳವಾರ ಅಂತ ತಿಳಿಯೋಕೆ ಕ್ಯಾಲೆಂಡರ್ ನೋಡಬೇಕಿಲ್ಲ, ಕಾರಿಡಾರಿನ ವಾಸನೆ ಸಾಕು. ಪಾಪ, ಅಡುಗೆಯವರದ್ದೂ ತಪ್ಪಿಲ್ಲ. ಅಷ್ಟೂ ಜನರ ಸಕ್ಕರೆ, ಬಿ.ಪಿ., ಹಲ್ಲು ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಬೇಯಿಸಬೇಕು. ಎಲ್ಲರಿಗೂ ಒಗ್ಗುವ ಅಡುಗೆ ಯಾರಿಗೂ ರುಚಿಸುವುದಿಲ್ಲ. ಹಾಗಾಗಿ ವಾರಕ್ಕೊಂದು ಸಲವಾದರೂ ಗೇಟು ದಾಟಬೇಕು ಅನ್ನಿಸುತ್ತದೆ.

ನನಗಂತೂ ಇನ್ನೊಂದು ಕಾರಣ ಇದೆ. ನಲವತ್ತು ವರ್ಷ ಬೇಯಿಸಿ ಬಡಿಸಿದ ಕೈ ಇದು. ಯಾರೋ ತಟ್ಟೆ ತಂದು ಮುಂದಿಟ್ಟು "ಇನ್ನೇನು ಬೇಕಮ್ಮಾ?" ಅಂತ ಕೇಳಿದರೆ ಅರ್ಧ ಹೊಟ್ಟೆ ಅಲ್ಲೇ ತುಂಬುತ್ತದೆ.

ಸಲಹೆಗೆ ಇಲ್ಲಿ ಬರವಿಲ್ಲ. ನಮ್ಮಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಬಿಟ್ಟು ಬಂದ ಕೆಲಸವೇ ಹೆಸರು. ಮೇಷ್ಟ್ರು, ಮ್ಯಾನೇಜರು, ಇಂಜಿನಿಯರು, ನರ್ಸಮ್ಮ. ಹೋಟೆಲ್ಲಿನ ಬಗ್ಗೆ ಕೇಳಿದರೂ ಆ ಕೆಲಸವೇ ಮಾತಾಡುತ್ತದೆ. ಮ್ಯಾನೇಜರು ಮೆಚ್ಚಿದ ಹೋಟೆಲ್ಲಿನಲ್ಲಿ ಬಿಲ್ಲಿನ ಕೂಡೋ ಲೆಕ್ಕ ಒಂದು ದಿನವೂ ತಪ್ಪಿಲ್ಲವಂತೆ. ನರ್ಸಮ್ಮ ಮೊದಲು ಕೈ ತೊಳೆಯುವ ಜಾಗ ನೋಡುತ್ತಾರೆ, ಆಮೇಲೆ ಬಡಿಸುವವರ ಉಗುರು, ಅದಾದ ಮೇಲೆ ಕುರ್ಚಿ ಎಳೆದುಕೊಳ್ಳುತ್ತಾರೆ.

ಮ್ಯಾನೇಜರ ಮಾತು ನಂಬಿ ಒಂದು ಕಡೆ ಹೋದೆವು. ಬಿಲ್ಲು ನಿಜಕ್ಕೂ ಸರಿಯಾಗಿತ್ತು. ಊಟ ಮಾತ್ರ ಸಪ್ಪೆ ಅಂದರೆ ಸಪ್ಪೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ, ಅಂದರೆ ಒಂದು ಟೀ ಚಮಚದ ಒಳಗೆ, ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿನವರು ಆ ಒಂದು ಚಮಚವನ್ನೇ ಇಡೀ ಹೋಟೆಲ್ಲಿಗೆ ಹಂಚಿದ ಹಾಗಿತ್ತು. ಮಾರನೇ ದಿನ ತಿಳಿಯಿತು, ಮ್ಯಾನೇಜರು ಬಿ.ಪಿ. ದೆಸೆಯಿಂದ ಉಪ್ಪು ಬಿಟ್ಟು ಆರು ವರ್ಷ ಆಗಿದೆ. ಉಪ್ಪು ಕಡಿಮೆ ಮಾಡಿದ ನಾಲಿಗೆ ಕೆಲವೇ ವಾರದಲ್ಲಿ ಅದಕ್ಕೆ ಒಗ್ಗಿಹೋಗುತ್ತದೆ. ಅವರಿಗೆ ಆ ಊಟ ಹದವಾಗಿಯೇ ಇತ್ತು.

ಮೇಲಿನ ಮಹಡಿಯ ಅಮ್ಮನವರದು ಇದಕ್ಕೆ ತದ್ವಿರುದ್ಧ. ಅವರಿಗೆ ಎಂಬತ್ತೆರಡು. ಅವರು ಹೇಳಿದ ಹೋಟೆಲ್ಲಿನಲ್ಲಿ ಮೊದಲ ತುತ್ತಿಗೇ ನನ್ನ ಕಣ್ಣಲ್ಲಿ ನೀರು ಬಂತು, ನಮ್ಮ ಯಜಮಾನರಿಗೆ ಬಿಕ್ಕಳಿಕೆ ಹತ್ತಿತು. ಜೊತೆಗೆ ಬಂದಿದ್ದ ಅಮ್ಮ ಮಾತ್ರ ನಿಧಾನವಾಗಿ ಅಗಿದು, "ಯಾಕೋ ಇವತ್ತು ಖಾರ ಕಡಿಮೆ" ಅಂದರು. ಕಾರಣ ಅವರ ನಾಲಿಗೆಯಲ್ಲಿ ಅಷ್ಟಿಲ್ಲ, ಮೂಗಿನಲ್ಲಿದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು, ನೆಗಡಿ ಬಂದಾಗ ಗೊತ್ತಾಗುತ್ತದೆ ಅಲ್ವಾ? ವಯಸ್ಸಾದ ಹಾಗೆ ವಾಸನೆ ಹಿಡಿಯುವ ಶಕ್ತಿ ಇಳಿಯುತ್ತದೆ. ಮೇಲಿಂದ ಬಾಯಿ ಒಣಗಿಸುವ ಮಾತ್ರೆಗಳು ಬೇರೆ. ಖಾರಕ್ಕೆ ಮಾತ್ರ ಮೂಗಿನ ಹಂಗಿಲ್ಲ. ಅದು ರುಚಿಯೇ ಅಲ್ಲ, ನಾಲಿಗೆಯ ಉರಿ. ಬೇರೆ ಯಾವುದೂ ಸರಿಯಾಗಿ ಹತ್ತದಿದ್ದಾಗ ಉರಿಯಾದರೂ ಇರಲಿ ಅನ್ನಿಸುತ್ತದೆ ಅಂತ ಕಾಣುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಮಗಳಿಗೆ ನಗು. "ಅಯ್ಯೋ ಅಮ್ಮಾ, ಸುಮ್ನೆ ಸ್ಟಾರ್ ನೋಡಿಕೊಂಡು ಹೋಗಬಾರದಾ?" ಅಂದಳು. ನೋಡಿದೆವು. 4.6 ಸ್ಟಾರ್ ಇರುವ ಒಂದು ಸಿಕ್ಕಿತು. ಒಂದು ಶನಿವಾರ ಸಂಜೆ ಆರು ಜನ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಟೆವು.

ಒಳಗೆ ಕತ್ತಲೆ. ಕರೆಂಟ್ ಹೋಗಿದೆ ಅಂದುಕೊಂಡೆ. ಇಲ್ಲ, ಅಲಂಕಾರವೇ ಅದಂತೆ. ಇಪ್ಪತ್ತರ ಕಣ್ಣಿನ ಒಳಪರದೆಗೆ ಬೀಳುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರ ಕಣ್ಣಿಗೆ ಸಿಗುತ್ತದೆ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ನಮ್ಮಲ್ಲಿ ಅರವತ್ತರವರು ಯಾರೂ ಇರಲಿಲ್ಲ, ಎಲ್ಲರೂ ಅದನ್ನು ದಾಟಿ ಬಂದವರೇ. ಮೆನು ಕಾರ್ಡ್ ಕೇಳಿದರೆ ಹುಡುಗ ಮೇಜಿಗೆ ಅಂಟಿಸಿದ್ದ ಕಪ್ಪು ಬಿಳುಪಿನ ಚೌಕ ತೋರಿಸಿದ. ಫೋನ್ ಹಿಡಿಯಬೇಕಂತೆ. ಮೇಷ್ಟ್ರು ಹಿಡಿದರು, ಅದರ ಫೋಟೋ ತೆಗೆದರು, ತೆಗೆದು ಮಗನಿಗೆ ಕಳಿಸಿಯೂ ಬಿಟ್ಟರು. ನರ್ಸಮ್ಮನ ಫೋನಿನಲ್ಲಿ ಕೊನೆಗೂ ಪಟ್ಟಿ ತೆರೆಯಿತು. ಅಕ್ಷರಗಳು ಇರುವೆ ಸಾಲಿನ ಹಾಗೆ. ಇಂಜಿನಿಯರು ಸಹಾಯಕ್ಕೆ ಬಂದು, ಆ ಫೋನಿನ ಪರದೆಯ ಮೇಲೆ ತಮ್ಮ ಫೋನಿನ ಟಾರ್ಚ್ ಬಿಟ್ಟರು. ಕಾಣುತ್ತಿದ್ದದ್ದೂ ಕಾಣದಾಯಿತು.

ಮೇಲೆ ಸಂಗೀತ. ಅದನ್ನು ಮೀರಿ ಪಕ್ಕದ ಮೇಜಿನವರ ಮಾತು, ಅವರನ್ನು ಮೀರಿ ಅದರ ಪಕ್ಕದವರದ್ದು. ಸುತ್ತ ಗದ್ದಲ ಇದ್ದರೆ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ಕಿವಿ ಡಾಕ್ಟರು ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ವಯಸ್ಸಾದ ಕಿವಿ ಮೊದಲು ಬಿಟ್ಟುಕೊಡುವುದು ತೆಳು ಸದ್ದುಗಳನ್ನು, ಸ, ಶ, ತ ಇಂಥವನ್ನು. ಹಾಗಾಗಿ ಮಾತಾಡಿದ್ದು ಕೇಳಿಸುತ್ತದೆ, ಏನಂದರು ಅಂತ ತಿಳಿಯುವುದಿಲ್ಲ. ಮ್ಯಾನೇಜರು "ಏನು ತಗೋತೀರಿ?" ಅಂದದ್ದಕ್ಕೆ ಮೇಷ್ಟ್ರು ಹೆಮ್ಮೆಯಿಂದ "ಎಪ್ಪತ್ತೊಂಬತ್ತು" ಅಂದರು.

ಊಟ ಚೆನ್ನಾಗಿತ್ತಾ? ಇದ್ದಿರಬಹುದು. ನನಗೆ ನೆನಪಿರುವುದು ಸೋಫಾ. ಕೂರುವಾಗ ಹಿತವಾಗಿತ್ತು, ಮೆತ್ತಗೆ ಒಳಗೆ ಎಳೆದುಕೊಂಡಿತು. ಏಳುವಾಗ ಬಿಡಲಿಲ್ಲ. ಹಿಡಿಯೋಕೆ ಕೈ ಇಲ್ಲ, ಮೇಜು ದೂರ. ನಮ್ಮ ಯಜಮಾನರು ಒಂದು, ಎರಡು, ಮೂರು ಅಂತ ಎಣಿಸಿಕೊಂಡು ಎದ್ದರು, ಅರ್ಧಕ್ಕೆ ನಿಂತರು, ಮತ್ತೆ ಕೂತರು. ಕೊನೆಗೆ ಪಕ್ಕದ ಮೇಜಿನ ಹುಡುಗರಿಬ್ಬರು ಬಂದು ಎತ್ತಿ ನಿಲ್ಲಿಸಿದರು. ಒಳ್ಳೆಯ ಹುಡುಗರು. ಆ ಸ್ಟಾರುಗಳನ್ನು ಕೊಟ್ಟವರೂ ಅವರಂಥವರೇ ಇರಬೇಕು. ಶೌಚಾಲಯ ಕೆಳಗಡೆ, ಹದಿನಾಲ್ಕು ಮೆಟ್ಟಿಲು. ಮೇಷ್ಟ್ರು ಎಣಿಸಿದ್ದಾರೆ.

ಹೋಟೆಲ್ಲಿಗೆ ಸ್ಟಾರ್ ಕೊಡುವ ಹೆಸರುವಾಸಿ ಮಿಶೆಲಿನ್ ಗೈಡನ್ನು 1900ರಲ್ಲಿ ಶುರು ಮಾಡಿದ್ದು ಟೈರ್ ಕಂಪನಿ. ಜನ ಕಾರಿನಲ್ಲಿ ಹೆಚ್ಚು ಓಡಾಡಲಿ, ಟೈರ್ ಸವೆಯಲಿ ಅಂತ. ಮೂರು ಸ್ಟಾರ್ ಅಂದರೆ ಅದಕ್ಕೆಂದೇ ಪ್ರಯಾಣ ಹೊರಡುವಷ್ಟು ಒಳ್ಳೆಯದು ಅಂತ ಅರ್ಥ. ಟೈರಿನ ಬದಲು ಮಂಡಿ ಸವೆಸಿಕೊಂಡವರಿಗೆ ಆ ಲೆಕ್ಕ ಹೇಗೆ ಹೊಂದೀತು?

ನಮಗೆ ದಾರಿ ತೋರಿಸಿದ್ದು ಎದುರು ಮನೆಯವರು. ಟೈಲರ್ ಅಂಗಡಿ ಇಟ್ಟಿದ್ದವರು, ಮಾತು ಕಡಿಮೆ. ಒಂದು ದಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಾಗ ಮಾತು ಮಾತಿಗೆ ಗೊತ್ತಾಯಿತು. ಅವರಿಗೂ ಎಡ ಮಂಡಿ. ಬಿ.ಪಿ. ಇದೆ, ಆದರೆ ಬಹಳ ಇಲ್ಲ. ಬಲ ಕಿವಿ ಮಂದ. ಎಣ್ಣೆ ಜಾಸ್ತಿಯಾದರೆ ರಾತ್ರಿ ಎದೆ ಉರಿ. ಅಯ್ಯೋ, ಥೇಟ್ ನನ್ನದೇ ಫೈಲು! ಆಮೇಲೆ ಅವರು ಯಾವ ಹೋಟೆಲ್ ಅಂತ ಹೇಳಿದರೂ ನಾನು ಎರಡನೇ ಮಾತಾಡಿಲ್ಲ. ಇಷ್ಟು ದಿನ ನಾನು ಕೇಳುತ್ತಿದ್ದ ಪ್ರಶ್ನೆಯೇ ತಪ್ಪು. ಹೋಟೆಲ್ ಯಾವುದು ಅಂತ ಕೇಳುವ ಮೊದಲು ಹೇಳುವವರ ಮೈ ಹೇಗಿದೆ ಅಂತ ಕೇಳಬೇಕಿತ್ತು.

ಅವರು ತೋರಿಸಿದ ಹೋಟೆಲ್ ನೋಡೋಕೆ ಏನೂ ಅಲ್ಲ. ಪರದೆ ಬಣ್ಣ ಬಿಟ್ಟಿದೆ. ಆದರೆ ಕಿಟಕಿ ದೊಡ್ಡದು, ಕುರ್ಚಿಗೆ ಕೈ ಇದೆ, ಅದೂ ಮರದ್ದು, ಊರಿ ಏಳಬಹುದು. ನಾವು ಹೋಗುವುದು ಹನ್ನೆರಡೂವರೆಗೆ. ಆಫೀಸಿನವರು ಬರುವ ಮೊದಲು ಹೋದರೆ ಗಲಾಟೆ ಇಲ್ಲ, ಮಾಡಿದ್ದೆಲ್ಲ ಬಿಸಿಯಾಗಿರುತ್ತದೆ, ಬಡಿಸುವ ಹುಡುಗನಿಗೂ ನಿಂತು ಮಾತಾಡುವಷ್ಟು ಪುರಸೊತ್ತಿರುತ್ತದೆ. ಅವನು ನನ್ನ ಎಡಕ್ಕೇ ಬಂದು ನಿಲ್ಲುತ್ತಾನೆ. ಮೊದಲ ದಿನ ಬಲಕ್ಕೆ ನಿಂತಿದ್ದ, ನಾನು ಎರಡು ಸಲ "ಆಂ?" ಅಂದೆ. ಎರಡನೇ ವಾರ ತಾನಾಗೇ ಮೇಜು ಸುತ್ತಿ ಬಂದ. ಊಟ? ಚೆನ್ನಾಗಿದೆ. ಉಪ್ಪು ನಾಲಿಗೆಗೆ ತಿಳಿಯುವಷ್ಟಿದೆ, ಎಣ್ಣೆ ಬೆರಳಿಗೆ ಅಂಟುವಷ್ಟಿಲ್ಲ. ನಾನು ಮಾಡಿದ ಹಾಗಿಲ್ಲ ಅನ್ನುವುದೇ ಅದರ ದೊಡ್ಡ ಗುಣ.

ರೆಸ್ಟೋರೆಂಟ್ ಅನ್ನುವ ಮಾತು ಮೊದಲು ಅಂಗಡಿಯ ಹೆಸರಾಗಿರಲಿಲ್ಲವಂತೆ. ಅದು ಸುಸ್ತಾದವರಿಗೆ ಚೈತನ್ಯ ಕೊಡುವ ಒಂದು ಬಗೆಯ ಸೂಪಿನ ಹೆಸರು. 1760ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಮಾರುವ ಜಾಗಗಳು ಶುರುವಾದವು, ಆಮೇಲೆ ಆ ಜಾಗಕ್ಕೇ ಆ ಹೆಸರು ಅಂಟಿತು. ಅಂದರೆ ಹೋಟೆಲ್ ಶುರುವಾದದ್ದೇ ನಮ್ಮಂಥವರಿಗಾಗಿ. ನಡುವೆ ಎಲ್ಲೋ ಸೋಫಾ ಬಂದು ಸೇರಿಕೊಂಡಿತು. ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು, "ಆ ಪ್ಯಾರಿಸ್ ಹೋಟೆಲ್ಲಿಗೆ ಮೆಟ್ಟಿಲಿತ್ತಾ?" ಅಂದರು.

ಹೋದ ವಾರ ಮೂಲೆ ಮನೆಗೆ ಹೊಸಬರು ಬಂದರು. ಗಂಡ ಹೆಂಡತಿ, ಬಾಗಿಲ ತುಂಬ ಟೇಪು ಸುತ್ತಿದ ಪೆಟ್ಟಿಗೆ. ನಾನು ನಡೆದು ಹೋಗುವಾಗ ಆಕೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಕೇಳಿದರು, "ಇಲ್ಲಿ ಹತ್ತಿರದಲ್ಲಿ ಒಳ್ಳೆ ಹೋಟೆಲ್ ಯಾವುದು?"

ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ. "ಮೊದಲು ಹೇಳಿ, ನಿಮ್ಮ ಮಂಡಿ ಹೇಗಿದೆ?"

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, "ಎಡಗಡೇದು ಸ್ವಲ್ಪ..." ಅಂದರು.

"ಗುರುವಾರ ಹನ್ನೆರಡೂವರೆಗೆ ರೆಡಿಯಾಗಿರಿ" ಅಂದೆ.